ಅಮ್ಮನಿಗೆ ವಿಶೇಷ

“ಏನೇ ಸ್ಫೂರ್ತಿ, ನಿಮ್ಮಮ್ಮಂಗೆ ವಿಶೇಷನಾ?”

ಪಕ್ಕದ ಮನೆಯ ಶೇಷಮ್ಮಜ್ಜಿ ಕಾಂಪೌಂಡ್ ಗೋಡೆಯ ಆಚೆಯಿಂದ ಕೇಳಿದಾಗ ಸ್ಫೂರ್ತಿ ಹಲ್ಲುಜ್ಜುತ್ತಿದ್ದಳು. ಬಾಯಿ ತುಂಬ ನೊರೆ. ಉಗಿದು, ಸುಮ್ಮನೆ ನಕ್ಕಳು.

ವಿಶೇಷ ಅಂದರೆ ಏನೆಂದು ಐದನೇ ಕ್ಲಾಸಿನವರಿಗೆ ಗೊತ್ತಿಲ್ಲವೇ? ಹೋದ ವರ್ಷ ಗೆಳತಿ ಅಕ್ಷಯಾಳ ಮನೆಯಲ್ಲೂ ‘ವಿಶೇಷ’ ಅಂದಿದ್ದರು. ಆಮೇಲೆ ಅವಳಿಗೆ ತಮ್ಮ ಹುಟ್ಟಿದ.

“ನಗೋದು ನೋಡಿದ್ರೇ ಗೊತ್ತಾಗುತ್ತೆ ಬಿಡು. ಎಷ್ಟು ತಿಂಗಳು?”

“ಯಾರಿಗೂ ಹೇಳ್ಬಾರ್ದು ಅಂದಿದಾರೆ ಅಜ್ಜಿ.”

ಅದು ಸುಳ್ಳೇನಲ್ಲ. ಎರಡು ತಿಂಗಳಿಂದ ಅಮ್ಮ ಸರಿಯಾಗಿ ಉಣ್ಣುತ್ತಿರಲಿಲ್ಲ. ಮಧ್ಯಾಹ್ನವೂ ಮಲಗಿರುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಅಪ್ಪ ಮಾಚೇನಹಳ್ಳಿಯ ವರ್ಕ್‌ಶಾಪಿಗೆ ರಜೆ ಹಾಕಿ, ಅಮ್ಮನನ್ನು ಜನ್ನಾಪುರದಿಂದ ಬಸ್ಸಿನಲ್ಲಿ ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. “ಇದನ್ನೆಲ್ಲ ಯಾರಿಗೂ ಹೇಳ್ಬೇಡ” ಎಂದು ಅಮ್ಮ ಹೇಳಿದ್ದಳು. ಅಕ್ಷಯಾಳ ಅಮ್ಮನೂ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಿರಲಿಲ್ಲ. ಸ್ಫೂರ್ತಿ ತಾನೇ ಲೆಕ್ಕ ಹಾಕಿಕೊಂಡಿದ್ದಳು.

ಆದರೂ ಕ್ಲಾಸಿನಲ್ಲಿ ಅಕ್ಷಯಾಳಿಗೆ ಹೇಳದೆ ಇರಲಾಗಲಿಲ್ಲ.

“ನಂಗೆ ತಂಗಿನೇ ಹುಟ್ಟೋದು. ನಿನ್ ತಮ್ಮನ ಥರ ಯಾವಾಗ್ಲೂ ಅಳಲ್ಲ.”

“ಹುಟ್ಟೋಕ್ ಮುಂಚೆನೇ ಜಂಬ ನೋಡು ಮಾರಾಯ್ತಿದು!”

ಭಾನುವಾರ ಶೇಷಮ್ಮಜ್ಜಿ ಡಬ್ಬಿ ಹಿಡಿದು ಬಂದರು. ಮಾವಿನಕಾಯಿ ಚಿತ್ರಾನ್ನ, ಮೇಲೆ ಕರಿದ ಮಜ್ಜಿಗೆ ಮೆಣಸಿನಕಾಯಿ. ಅಪ್ಪ ಓವರ್‌ಟೈಮಿಗೆ ಹೋಗಿದ್ದ.

“ಬಸುರಿಗೆ ಬಾಯಿ ಕೆಟ್ಟಿರುತ್ತೆ. ತಿನ್ನು ಜಗದಾಂಬಾ, ನನ್ನೆದುರಿಗೇ ತಿನ್ನು.”

ಅಮ್ಮ ಅಜ್ಜಿಯನ್ನು ನೋಡಿದಳು. ಆಮೇಲೆ ಸ್ಫೂರ್ತಿಯನ್ನು ನೋಡಿದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಒಂದು ತುತ್ತು ತಿಂದಳು. ಇನ್ನೊಂದು ತಿಂದಳು.

“ಹತ್ತು ವರ್ಷದ ಮೇಲಾದ್ರೂ ಶಿವ ಕಣ್ಣು ಬಿಟ್ಟ ನೋಡು,” ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರು ಗಂಟೆಗೆ ಅಮ್ಮ ಹೊಟ್ಟೆ ಹಿಡಿದುಕೊಂಡು ಹಿತ್ತಿಲಿನ ಲೆಟ್ರಿನ್‌ಗೆ ಹೋದಳು. ಬಂದಳು. ಮತ್ತೆ ಹೋದಳು. ಆರನೇ ಸಲವೋ ಏಳನೇ ಸಲವೋ ಒಳಗಿನಿಂದ ಸಣ್ಣ ದನಿ ಬಂತು.

“ಸ್ಫೂರ್ತಿ, ನೀರು ತಾ.”

ಬಕೆಟ್ ಇಡಲು ಬಾಗಿದಾಗ ಕಂಡಿತು. ಬಿಳಿ ಬೇಸಿನ್ ತುಂಬ ಕೆಂಪು.

“ಅಮ್ಮಾ, ರಕ್ತ! ಪಾಪುಗೆ ಏನಾಯ್ತು?”

“ಪಾಪು ಇಲ್ಲ ಕಣೇ.”

ಅಮ್ಮ ಹೊರಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಹಣೆಯೆಲ್ಲ ಬೆವರು.

“ಕರುಳಲ್ಲಿ ಹುಣ್ಣು. ಮೂರು ವರ್ಷ ಆಯ್ತು. ಕಡಿಮೆ ಆಗುತ್ತೆ, ಮತ್ತೆ ಬರುತ್ತೆ.”

“ಯಾರಿಗೂ ಯಾಕೆ ಹೇಳಲ್ಲ?”

“ಇದನ್ನ ಹೆಂಗೆ ಹೇಳೋದೇ? ಜ್ವರ ಆದ್ರೆ ಹೇಳ್ಬಹುದು.”

“ಮತ್ತೆ ಖಾರ ಯಾಕೆ ತಿಂದೆ?”

ಅಮ್ಮ ಹಣೆಯ ಬೆವರು ಒರೆಸಿಕೊಂಡಳು. ದೂರದಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

“ಇದು ಹತೋಟಿಗೆ ಬರೋವರೆಗೂ ಇನ್ನೊಂದು ಮಗು ಬೇಡ ಅಂದಿದಾರೆ ಡಾಕ್ಟ್ರು. ಯಾವಾಗ ಬರುತ್ತೋ ಗೊತ್ತಿಲ್ಲ. ಅಜ್ಜಿ ಅಷ್ಟು ಖುಷಿಯಿಂದ ಕೊಟ್ಟಾಗ... ಒಂದು ಗಳಿಗೆ ನಂಗೂ ನಿಜ ಅನ್ನಿಸ್ತು.”

ಪಾಪುವಿನ ಆಸೆ ತನ್ನೊಬ್ಬಳದೇ ಎಂದು ಸ್ಫೂರ್ತಿ ಇಷ್ಟು ದಿನ ಅಂದುಕೊಂಡಿದ್ದಳು.

ಸಂಜೆ ಗೇಟಿನ ಸದ್ದಾಯಿತು.

“ಲೇ ಸ್ಫೂರ್ತಿ, ನಾಳೆಗೆ ಏನು ಬೇಕಂತೆ ನಿಮ್ಮಮ್ಮಂಗೆ? ಹುಣಸೆ ಗೊಜ್ಜು ಮಾಡ್ಲಾ?”

ಅಮ್ಮ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಸ್ಫೂರ್ತಿ ಗೇಟಿಗೆ ಓಡಿದಳು.

“ಏನೂ ಬೇಡ ಅಜ್ಜಿ. ವಿಶೇಷ ಇಲ್ಲ. ನಾನೇ ಸುಳ್ಳು ಹೇಳಿದ್ದು.”

“ಏನಂದೆ?” ಅಜ್ಜಿಯ ಮುಖ ಕೆಂಪಾಯಿತು. “ಇಂಥದ್ರಲ್ಲೂ ತಮಾಷೆನಾ? ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಲ್ಲೇ! ಎಂಥ ಹುಡುಗಿನೇ ನೀನು? ನಾಚ್ಕೆ ಆಗಲ್ವಾ?”

ಸ್ಫೂರ್ತಿ ತಲೆ ತಗ್ಗಿಸಿದಳು. ಬೈದು ಮುಗಿಸಿ ಹೋಗಲಿ, ಅಷ್ಟೇ ಸಾಕು ಅನ್ನಿಸಿತು.

“ಅವಳನ್ನ ಬೈಬೇಡಿ ಶೇಷಮ್ಮೋರೆ.”

ಅಮ್ಮ ಗೋಡೆ ಹಿಡಿದುಕೊಂಡು ಬಂದಿದ್ದಳು.

“ನಂಗೆ ಕರುಳಿನ ಕಾಯಿಲೆ. ರಕ್ತ ಹೋಗ್ತಿದೆ. ಅವಳಿಗೂ ಇವತ್ತೇ ಗೊತ್ತಾಗಿದ್ದು.”

ಅಜ್ಜಿ ನಿಂತಲ್ಲೇ ನಿಂತರು. “ಹೌದಾ...” ಎಂದಷ್ಟೇ ಅಂದು ಹೊರಟುಹೋದರು. ಆ ಸುದ್ದಿಯೂ ಬೀದಿಗೆಲ್ಲ ಹೋಗುತ್ತದೋ ಏನೋ.

ಅಮ್ಮ ಸ್ಫೂರ್ತಿಯ ಹೆಗಲ ಮೇಲೆ ಕೈಯಿಟ್ಟಳು. ಆ ಕೈ ಬರಬರುತ್ತ ಭಾರವಾಯಿತು. ತನ್ನನ್ನು ಹಿಡಿದುಕೊಂಡೇ ಅಮ್ಮ ನಿಂತಿದ್ದಾಳೆಂದು ಸ್ಫೂರ್ತಿಗೆ ತಿಳಿಯಿತು.

ಕಾಲು ಗಟ್ಟಿಯಾಗಿ ಊರಿ, ಅಲುಗಾಡದೆ ನಿಂತಳು.