ತಡವಾಗಿ ಬಂದ ಪೆಟ್ಟು

"ನಿಲ್ಸು, ನಿಲ್ಸು! ಎಂತ ಬಾರಿಸುದು ನೀನು? ಪದ ಬೆಳ್ಳಾರೆಗೆ ಮುಟ್ಟಿತು, ನಿನ್ನ ಚೆಂಡೆ ಇನ್ನೂ ಕೋಡಿಂಬಾಳದಲ್ಲೇ ಉಂಟು!"

ಸುದರ್ಶನ ಸರ್ ಹೀಗೆಂದದ್ದೇ ತಡ, ಸೂರಜ್ ಕಿಸಕ್ಕನೆ ನಕ್ಕ. ನಿಖಿತಾ ಹೆಡ್‌ಫೋನ್ ತೆಗೆದಳು. ಕಿವಿ ಬಿಸಿಯಾಗಿತ್ತು.

ಶಾಲೆಯ ಕಂಪ್ಯೂಟರ್ ರೂಮಿನಲ್ಲಿ ಯಕ್ಷಗಾನ ಪದದ ರೆಕಾರ್ಡಿಂಗ್. ಸಂಜೆಯೊಳಗೆ ಸ್ಪರ್ಧೆಗೆ ಕಳಿಸಬೇಕು. ಹಾಡು ಆಗಲೇ ಕಂಪ್ಯೂಟರಿನಲ್ಲಿತ್ತು, ಚೆಂಡೆ ಮಾತ್ರ ಬಾಕಿ. ನಿಜವಾದ ಚೆಂಡೆ ಬಾರಿಸಿದರೆ ಪಕ್ಕದ ಕ್ಲಾಸಿನ ಗಣಿತ ಕೆಡುತ್ತದಂತೆ! ಅದಕ್ಕೇ ಮೇಜಿನ ಮೇಲೊಂದು ರಬ್ಬರ್ ಪ್ಯಾಡ್. ಕೋಲಿನಿಂದ ಅದಕ್ಕೆ ಹೊಡೆದರೆ ಚೆಂಡೆಯ ಸದ್ದು ಮೂವರ ಹೆಡ್‌ಫೋನಿನಲ್ಲೂ ಬರಬೇಕು.

ಬರುತ್ತಿತ್ತು. ಆದರೆ ತಡವಾಗಿ.

"ಸರ್, ಹೊಡೆದದ್ದು ಈಗ, ಕೇಳುದು ಆಮೇಲೆ."

"ಕುಣಿಯಲಿಕ್ಕೆ ಬಾರದವಳಿಗೆ ನೆಲ ಡೊಂಕು! ನಿಂಗೆ ತಾಳ ಇಲ್ಲ ಮಾರಾಯ್ತಿ. ಏಳು. ಸೂರಜ್, ನೀನು ಬಾ."

ಸೂರಜ್‌ನ ಅಪ್ಪ ಶಾಲಾ ಸಮಿತಿಯ ಅಧ್ಯಕ್ಷರು.

ನಿಖಿತಾ ಮೂರು ವರ್ಷದಿಂದ ತ್ಯಾಂಪಣ್ಣನ ಹತ್ತಿರ ಚೆಂಡೆ ಕಲಿಯುತ್ತಿದ್ದಳು. "ಕಿವಿ ಮೊದಲು, ಕೈ ಆಮೇಲೆ. ಹಾಡುವ ಭಾಗವತರಿಗಿಂತ ಮುಂದೆ ಓಡಿದ್ರೆ ಕೋಲು ಕಸಿದುಕೊಳ್ತೇನೆ" ಎಂದು ಅವರು ಗದರುತ್ತಿದ್ದರು. ಹಾಗಾಗಿ ಪ್ರತಿ ಪೆಟ್ಟಿಗೂ ಅವಳು ಸದ್ದಿಗಾಗಿ ಕಾದಳು. ಕಾದು ಕಾದೇ ಹಿಂದೆ ಬಿದ್ದಳು.

ಸೂರಜ್ ಜಂಬದಿಂದ ಕುಳಿತ. ನಾಲ್ಕನೇ ಸಾಲಿಗೆ ಅವನೂ ಎಡವಿದ.

"ಛೆ! ಎಂತ ಹಾಳು ಕಂಪ್ಯೂಟರ್ ಇದು! ಪುಕ್ಕಟೆ ಸಿಕ್ಕುವ ಲಿನಕ್ಸ್ ಹಾಕಿದ್ರೆ ಹೀಗೇ. ಪಾಪ, ಹುಡುಗ ಎಂತ ಮಾಡುದು?" ಎಂದರು ಸರ್.

ನಿಖಿತಾ ಅವರ ಮುಖವನ್ನೇ ನೋಡಿದಳು. ಐದು ನಿಮಿಷದ ಹಿಂದೆ ಕಂಪ್ಯೂಟರ್ ಚೆನ್ನಾಗಿಯೇ ಇತ್ತಲ್ಲ! ಸೂರಜ್ ಕುಳಿತ ಕೂಡಲೇ ಕೆಟ್ಟುಹೋಯಿತೇ?

ಅವಳು ಮೌಸ್ ಎಳೆದುಕೊಂಡು ಸೆಟ್ಟಿಂಗ್ಸ್ ತೆರೆದಳು. 'ಬಫರ್' ಎಂಬಲ್ಲಿ 4096 ಎಂದಿತ್ತು. ಪಕ್ಕದ ಹೆಲ್ಪ್ ಒತ್ತಿ, ಇಂಗ್ಲಿಷನ್ನು ತಡವರಿಸುತ್ತಾ ಎರಡು ಸಲ ಓದಿದಳು.

"ಅದನ್ನು ಮುಟ್ಟಬೇಡ! ಹಾಳು ಮಾಡ್ತಿ!"

"ಹಾಳಾಗಿಯೇ ಉಂಟಲ್ವಾ ಸರ್?"

ಸೂರಜ್ ಬಗ್ಗಿ ನೋಡಿದ. "ಎಂತ ಅದು?"

"ಸರ್ವಿಸ್ ಜೀಪಿನ ಹಾಗೆ ಮಾರಾಯ. ಸೀಟೆಲ್ಲ ತುಂಬದೆ ಸದ್ದು ಹೊರಡುದಿಲ್ಲ. ಸೀಟು ಕಡಿಮೆ ಮಾಡಿದ್ರೆ ಬೇಗ ಹೊರಡ್ತದೆ."

64 ಮಾಡಿದಳು. ಹೆಡ್‌ಫೋನಿನಲ್ಲಿ ಕರಕರ, ಹಪ್ಪಳ ಮುರಿದ ಹಾಗೆ.

"ಅಯ್ಯೋ, ಅಷ್ಟು ಕಡಿಮೆ ಬೇಡ!" ಎಂದ ಸೂರಜ್.

128 ಮಾಡಿದಳು. ಸೂರಜ್‌ನ ಕೈಯಿಂದ ಕೋಲು ತೆಗೆದುಕೊಂಡು ಪ್ಯಾಡಿಗೊಂದು ಪೆಟ್ಟು ಹಾಕಿದಳು. ಕೋಲು ಬಿದ್ದ ಕೂಡಲೇ ಸದ್ದು!

"ನಾನು ಹೇಳಿದ್ದಲ್ವಾ, ಕಂಪ್ಯೂಟರಿನದ್ದೇ ತಪ್ಪು ಅಂತ!" ಸರ್ ಎದೆಯುಬ್ಬಿಸಿದರು. "ಹೂಂ ಸೂರಜ್, ಬಾರಿಸು."

ನಿಖಿತಾ ಕೋಲು ಕೊಡಲಿಲ್ಲ.

"ನಾನು ಬಾರಿಸುವಾಗಲೂ ಇದೇ ಕಂಪ್ಯೂಟರ್ ಇದ್ದದ್ದು, ಸರ್."

ಸರ್ ಕನ್ನಡಕ ತೆಗೆದು, ಕೊಳೆಯೇ ಇಲ್ಲದ ಗಾಜನ್ನು ಉಜ್ಜತೊಡಗಿದರು. ಸೂರಜ್ ಮೆಲ್ಲಗೆ ಕುರ್ಚಿ ಬಿಟ್ಟು ಎದ್ದ.

ಅವಳು ಬಾರಿಸಿದಳು. ಮೊದಲ ಚರಣ ಮುಗಿಯುವವರೆಗೆ ಪದವೂ ಪೆಟ್ಟೂ ಒಟ್ಟೊಟ್ಟಿಗೇ ನಡೆದವು.

"ಹಾಂ! ನೋಡು, ಈಗ ಬಂತು ನಿಂಗೆ ತಾಳ," ಎಂದರು ಸರ್.

ಈಗ ಬಂದದ್ದಲ್ಲ. ಅದು ನಿಖಿತಾಳಿಗೆ ಗೊತ್ತಿತ್ತು. ಸರ್‌ಗೂ ಗೊತ್ತಾಗಲಿ ಎಂದು ಅವಳು ಕಾಯಲಿಲ್ಲ. ಕೋಲೆತ್ತಿ ಎರಡನೇ ಚರಣ ಶುರು ಮಾಡಿದಳು.