ಆಟ ಮುಗಿಯುವ ತನಕ

"ಇವತ್ತೂ ನನ್ನ ಕೈ ಬಿಡಲ್ಲ ತಾನೆ?"

ಬ್ರಿಟಾ ಯಾರನ್ನೂ ಕೇಳಿದ್ದಲ್ಲ. ಕಾಲೇಜಿನ ಐಸ್ ಹಾಕಿ ಅಂಗಳ ಖಾಲಿಯಿತ್ತು. ರಾತ್ರಿ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ಇನ್ನೂ ಒಂದು ಗೀರೂ ಬಿದ್ದಿರಲಿಲ್ಲ. ಅವಳ ಎದುರಿಗಿದ್ದದ್ದು ಗೋಲಿನ ಎರಡು ಕೆಂಪು ಕಂಬ, ಅಷ್ಟೇ. ಗೋಲು ಕಾಯುವವರಿಗೆ ಅವೇ ಒಡಹುಟ್ಟಿದವರು. ಒಂದನ್ನು ಕೋಲಿನಿಂದ ಮೆಲ್ಲಗೆ ತಟ್ಟಿ, ಇನ್ನೊಂದನ್ನು ಕೈಗವಸಿನಿಂದ ಸವರಿ, ಉತ್ತರಕ್ಕೆ ಕಾದವಳಂತೆ ನಿಂತಳು.

"ನಾನಂತೂ ಬಿಡಲ್ಲ!"

ಬ್ರಿಟಾಳ ಎದೆ ಝಲ್ಲೆಂದಿತು. ಕಂಬ ಮಾತಾಡಿತೇ?

ಆಟಗಾರರ ಬೆಂಚಿನ ಹಿಂದಿನಿಂದ ಒಬ್ಬ ಹುಡುಗ ಎದ್ದು ನಿಂತ. ಕೈಯಲ್ಲಿ ಅರ್ಧ ಟೇಪು ಸುತ್ತಿದ ಕೋಲು, ಮುಖದ ತುಂಬ ನಗು.

"ಎಡಗಡೆ ಕಂಬ ಮಾತಾಡ್ತಿದ್ದೀನಿ. ಬಲಗಡೆಯವನಿಗೆ ಸ್ವಲ್ಪ ನಾಚಿಕೆ ಜಾಸ್ತಿ."

"ಕದ್ದು ಕೇಳಿಸ್ಕೊಳ್ತೀಯಾ? ಯಾವನೋ ನೀನು?"

"ನೋಲನ್ ಟ್ರೆಗಿಯರ್. ಹುಡುಗರ ತಂಡದ ಡಿಫೆನ್ಸ್. ನೀನು ಬ್ರಿಟಾ ಲಾಹ್ತಿ ಅಲ್ವಾ? ಆಟದ ದಿನ ಯಾರಾದ್ರೂ ಮಾತಾಡ್ಸಿದ್ರೆ ಕಚ್ಚಿಬಿಡ್ತೀಯಂತೆ!"

"ಹೌದು. ಇವತ್ತು ಆಟದ ದಿನಾನೇ."

ಅವನು ತಟ್ಟನೆ ತುಟಿಯ ಮೇಲೆ ಬೆರಳಿಟ್ಟುಕೊಂಡ. ಹಾಗೇ ತಲೆ ಬಾಗಿಸುತ್ತ ಹಿಂದೆ ಹಿಂದೆ ನಡೆದ... ಆಟದ ರಬ್ಬರ್ ಬಿಲ್ಲೆಗಳಾದ ಪಕ್ಕುಗಳ ಬಕೆಟ್ಟಿಗೆ ಕಾಲು ತಾಗಿ ದೊಪ್ಪನೆ ಬಿದ್ದ!

ಮುಖವಾಡದೊಳಗೆ ಬ್ರಿಟಾ ನಕ್ಕಳು. ಅವತ್ತು ಅವಳು ಒಂದೇ ಒಂದು ಪಕ್ಕನ್ನೂ ಗೋಲಿನೊಳಗೆ ಬಿಡಲಿಲ್ಲ. ಬೆರಳು ತುಟಿಗಿಟ್ಟುಕೊಂಡ ಆ ಮುಖವೊಂದು ಮಾತ್ರ, ತಡೆಯುವಷ್ಟರಲ್ಲಿ ಒಳಗೆ ಸೇರಿಬಿಟ್ಟಿತ್ತು.

ಆಟದ ದಿನ ಗೋಲು ಕಾಯುವವರನ್ನು ಮಾತಾಡಿಸಬಾರದು. ಸುಪೀರಿಯರ್ ಸರೋವರದ ದಡದ ಆ ಹಳೆಯ ತಾಮ್ರಗಣಿ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಬ್ರಿಟಾಳ ಮನೆಯಲ್ಲಂತೂ ಅದು ಪ್ರಾರ್ಥನೆಯಷ್ಟೇ ಗಟ್ಟಿಯಾದ ನೇಮ. ತಾಯಿಯಿಲ್ಲದ ಮಗಳು. ಅಪ್ಪ ಆರ್ವಿಡ್ ಆಟದ ಬೆಳಗ್ಗೆ ಕಾಫಿ ಲೋಟವನ್ನೂ ಏಲಕ್ಕಿ ಹಾಕಿದ ಸಿಹಿ ರೊಟ್ಟಿಯನ್ನೂ ಅವಳ ಮುಂದಿಟ್ಟು, ನೆತ್ತಿಯ ಮೇಲೊಮ್ಮೆ ಕೈಯಿಟ್ಟು ಹೊರಟುಬಿಡುತ್ತಿದ್ದ. ಒಲೆ ಕೆಟ್ಟಿರಲಿ, ಕಾರು ಹಿಮದಲ್ಲಿ ಹೂತಿರಲಿ, ಅವನ ಬಾಯಲ್ಲಿ ಒಂದೇ ಮಾತು: "ಆಟ ಮುಗೀಲಿ, ಆಮೇಲೆ."

ಅವಳು ಸ್ಕೇಟು ಕಟ್ಟಲು ಕಲಿತದ್ದೂ ಅಪ್ಪನೇ ಹಿತ್ತಿಲಲ್ಲಿ ಮಾಡಿದ ಮಂಜುಗಡ್ಡೆಯ ಮೇಲೆ. ಚಳಿ ಬಿದ್ದರೆ ಸಾಕು, ಆರ್ವಿಡ್ ಪೈಪು ಹಿಡಿದು ನೀರು ಹಾಯಿಸುತ್ತ ಹಿಮ್ಮುಖವಾಗಿ ನಡೆಯುತ್ತಿದ್ದ. ಅವಸರ ಮಾಡಿದರೆ ನೀರು ಗಂಟುಗಂಟಾಗಿ ಹೆಪ್ಪುಗಟ್ಟುತ್ತದೆ. ಅದಕ್ಕೇ ಅವನು ಹಿರಿಯರಿಂದ ಬಂದ ಫಿನ್ನಿಶ್ ಭಾಷೆಯ ಪ್ರಾರ್ಥನಾ ಪದ್ಯವೊಂದನ್ನು ಹೇಳಿಕೊಳ್ಳುತ್ತ, ಸಾಲಿಗೊಂದು ಹೆಜ್ಜೆಯಂತೆ ಹಿಂದೆ ಸರಿಯುತ್ತಿದ್ದ.

ನೀರ ಮೇಲೆ ನಡೆದವನೇ, ನನ್ನ ಕಾಲ ಕೆಳಗೂ ನೆಲವಾಗಿರು...

ಪದ್ಯ ಮುಗಿಯುವಷ್ಟರಲ್ಲಿ ಒಂದು ಪದರ ಕನ್ನಡಿಯ ಹಾಗೆ ಕೂತಿರುತ್ತಿತ್ತು.

ಬ್ರಿಟಾ, ನೋಲನ್ ಗೆಳೆಯರಾದರು. ಕಾಲೇಜು ಮುಗಿಯಿತು. ನೋಲನ್‌ಗೆ ದಕ್ಷಿಣದ ಊರೊಂದರ ಸಣ್ಣ ಲೀಗಿನ ತಂಡದಲ್ಲಿ ಜಾಗ ಸಿಕ್ಕಿತು. ಸಿಕ್ಕಿದ ಹಾಗೇ ಹೋಯಿತು. ಕೆಟ್ಟದಾಗಿ ಆಡಿದ್ದು ಒಂದೇ ಒಂದು ಆಟ. ಮರುದಿನ ಬಂದು ನೋಡಿದರೆ ಆಟಗಾರರ ಕೋಣೆಯಲ್ಲಿ ಅವನ ಬಟ್ಟೆಬರೆಯ ಗೂಡಿನ ಮೇಲಂಟಿಸಿದ್ದ ಹೆಸರಿನ ಪಟ್ಟಿ ಇರಲಿಲ್ಲ. ಯಾರೂ ಏನೂ ಹೇಳಲಿಲ್ಲ. ಊರಿಗೆ ವಾಪಸ್ ಬಂದು ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸತೊಡಗಿದ. ಬಿಡುವಾದಾಗ ಆರ್ವಿಡ್‌ನ ಜತೆ ಹಬೆಸ್ನಾನದ ಸೌನಾಕ್ಕೆ ಸೌದೆ ಒಡೆಯುತ್ತಿದ್ದ.

ಈಗ ಬ್ರಿಟಾಳ ಸರದಿ. ಮಿಲ್ವಾಕೀಯಲ್ಲಿ ಮಹಿಳೆಯರ ವೃತ್ತಿ ಲೀಗಿನ ಹೊಸ ತಂಡವೊಂದನ್ನು ಕಟ್ಟುತ್ತಿದ್ದರು. ಗೋಲಿಗೆ ಉಳಿದದ್ದು ಒಂದೇ ಜಾಗ. ಆಯ್ಕೆಯ ಕೊನೆಯ ಆಟ ಶನಿವಾರ ಮಧ್ಯಾಹ್ನ.

ಅವತ್ತು ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವಾಗ ಬ್ರಿಟಾ ತಲೆಯೆತ್ತಿದಳು. ಪ್ರೇಕ್ಷಕರ ಸಾಲಿನಲ್ಲಿ... ನೋಲನ್!

ಆರು ಗಂಟೆಯ ದಾರಿ! ನನಗೋಸ್ಕರ ಬಂದನೇ? ಹೇಳದೇ ಕೇಳದೇ?

ಸಂತೋಷ ತಡೆಯಲಾರದೆ ಕೈ ಬೀಸಿದಳು. ಅವನೂ ಕೈಯೆತ್ತಿ ಬೀಸಿದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟುಕೊಂಡ, ಥೇಟ್ ಮೊದಲ ದಿನದ ಹಾಗೆ. ಅವನ ಮುಖದಲ್ಲಿ ನಗುವಿರಲಿಲ್ಲ ಎಂಬುದು ಅಷ್ಟು ದೂರದಿಂದ ಅವಳಿಗೆ ಕಾಣಲಿಲ್ಲ.

ಆ ದಿನ ಅವಳು ಆಡಿದ ಆಟ! ಕಾಲು ಚಾಚಿದಲ್ಲೆಲ್ಲ ಪಕ್ಕು ಬಂದು ತಾಗಿತು. ದಾಟಿಹೋಯಿತು ಎಂದುಕೊಂಡದ್ದು ಕಂಬಕ್ಕೆ ಬಡಿದು ಹೊರಗೆ ಚಿಮ್ಮಿತು. ಕೊನೆಯ ಸೀಟಿ ಊದಿದಾಗ ತರಬೇತುದಾರಳು ಅವಳ ಶಿರಸ್ತ್ರಾಣದ ಮೇಲೆ ತಟ್ಟಿ, "ಸೋಮವಾರ ಬಂದ್ಬಿಡು ಹುಡುಗಿ, ಗೂಡು ನಿಂದೇ!" ಎಂದಳು.

ಬ್ರಿಟಾ ಹೊರಗೆ ಓಡಿ ಬಂದಳು. "ನೋಲನ್! ಸಿಕ್ತು! ಅಪ್ಪಂಗೆ ಫೋನ್ ಮಾಡು, ನಂದು ಒಳಗಿದೆ..."

"ಲಾಹ್ತಿ." ಅವನ ದನಿ ಒಡೆದಿತ್ತು. "ಬೇಗ ಗಾಡಿ ಹತ್ತು. ನಿನ್ನಪ್ಪ ಆಸ್ಪತ್ರೆಲಿದ್ದಾರೆ. ಹೃದಯ..."

ನೋಲನ್ ಉತ್ತರಕ್ಕೆ ಗಾಡಿ ಓಡಿಸಿದ. ಮಿಷಿಗನ್ನಿನ ಗಡಿಯ ಕಾಡು ಶುರುವಾಗಿ, ಬೆಳಕು ಬರ್ಚ್ ಮರಗಳ ತುದಿಗೆ ಏರಿದ ಹೊತ್ತಿಗೆ ಎಲ್ಮಾ ಅತ್ತೆಯ ಫೋನ್ ಬಂತು. ಆರ್ವಿಡ್‌ನ ಅಕ್ಕ. ಅತ್ತೆ ಏನೂ ಹೇಳಲಿಲ್ಲ, ಅತ್ತಳು, ಅಷ್ಟೇ.

ನೋಲನ್ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ.

ಬ್ರಿಟಾ ಅವನ ಕಡೆ ತಿರುಗಿದಳು.

"ನಿನಗೆ ಯಾವಾಗ ಗೊತ್ತಾಯ್ತು?"

"...ಬೆಳಿಗ್ಗೆ."

"ಬೆಳಿಗ್ಗೆ! ಆಗ್ಲೇ ಒಂದು ಫೋನ್ ಮಾಡಿದ್ರೆ ನಾನು ಅಪ್ಪನ್ನ ನೋಡ್ತಿದ್ದೆ. ಅಪ್ಪನ ಕೈ ಹಿಡ್ಕೋತಿದ್ದೆ. ನೀನು... ನೀನು ಬಂದು ಆಟ ನೋಡ್ತಾ ಕೂತಿದ್ದೆ!"

ಅವನು ಸ್ಟಿಯರಿಂಗನ್ನೇ ದಿಟ್ಟಿಸುತ್ತಿದ್ದ.

"ನಾನು ನಿನಗೆ ಕೈ ಬೀಸ್ದೆ ನೋಲನ್. ನೀನೂ ಬೀಸ್ದೆ!"

ಅವನು ಎಂಜಿನ್ ಆರಿಸಿದ.

"ಯಾಕೆ ಹೇಳ್ಲಿಲ್ಲ?"

"ಆಟದ ದಿನ ಆಗಿತ್ತು," ಎಂದ ನೋಲನ್. ಅದರ ಮುಂದೆ ಇನ್ನೇನೋ ಮಾತು ಬರಲಿದ್ದಂತೆ ಬಾಯಿ ತೆರೆದ. ಬರಲಿಲ್ಲ.

"ಇನ್ಮೇಲೆ ನನಗೆ ನಿನ್ನ ಮುಖ ತೋರಿಸ್ಬೇಡ."

ಅವನು ತೋರಿಸಲಿಲ್ಲ. ಆರ್ವಿಡ್‌ನನ್ನು ಮಣ್ಣು ಮಾಡುವ ದಿನವೂ ಚರ್ಚಿನ ಬಾಗಿಲ ಹೊರಗೆ, ಹಿಮದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದವನು ಜನ ಹೊರಬರುವ ಮೊದಲೇ ಹೊರಟುಹೋದ.

ಮಿಲ್ವಾಕೀಯಲ್ಲಿ ಬ್ರಿಟಾಳ ಗೂಡಿನ ಮೇಲೆ ಅವಳ ಹೆಸರಿನ ಪಟ್ಟಿ ಬಂತು. ಲಾಹ್ತಿ. ಉಳಿದ ಹುಡುಗಿಯರು ತಮ್ಮ ಹೆಸರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಬ್ರಿಟಾ ತಲೆಯೆತ್ತಲಿಲ್ಲ.

ಅದು ನನ್ನ ಹೆಸರಲ್ಲ, ಅಪ್ಪನದು. ಅಪ್ಪನನ್ನು ಕೊಟ್ಟು ತೆಗೆದುಕೊಂಡೆನೇ ದೇವರೇ?

ಕಂಬಗಳ ಜತೆ ಮಾತಾಡುವುದನ್ನೂ ಅವಳು ನಿಲ್ಲಿಸಿಬಿಟ್ಟಳು. ಒಂದು ಸಲ ಎಡಗಡೆಯ ಕಂಬ ತಟ್ಟಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು. ಅದು ಉತ್ತರ ಕೊಟ್ಟೀತೆಂಬ ಭಯ... ಕೊಡದಿದ್ದೀತೆಂಬ ಭಯ.

ಜನವರಿಯಲ್ಲಿ ತಂಡಕ್ಕೆ ಒಂದು ಆಟ ಅವಳ ಊರಿನಲ್ಲೇ, ಅದೇ ಕಾಲೇಜಿನ ಅಂಗಳದಲ್ಲಿ ಬಿತ್ತು. ಬ್ರಿಟಾ ಹಿಂದಿನ ಸಂಜೆಯೇ ಬಂದು ಮನೆಯಲ್ಲಿ ಮಲಗಿದಳು. ಬೆಳಗ್ಗೆ ಎಲ್ಮಾ ಅತ್ತೆ ಕಾಫಿ ಸುರಿಯುತ್ತ ಶುರುಮಾಡಿದಳು.

"ನಿನ್ನಪ್ಪನ ಮೌನವ್ರತ ನನ್ನ ಕೈಲಿ ಆಗಲ್ಲಮ್ಮ. ಆಟ ಇರಲಿ, ಬಿಡಲಿ, ನಾನು ಮಾತಾಡೋಳೇ. ರೊಟ್ಟಿ ತಗೋ. ಏನು ಹೀಗೆ ಕಡ್ಡಿ ಆಗಿದ್ದೀಯ? ಅಷ್ಟು ದೊಡ್ಡ ಪ್ಯಾಡ್ ಕಟ್ಕೊಂಡು ನಿಲ್ತೀಯೋ, ಪ್ಯಾಡೇ ನಿನ್ನನ್ನ ನಿಲ್ಲಿಸ್ಕೊಂಡಿರುತ್ತೋ?"

ಬ್ರಿಟಾಳಿಗೆ ನಗು ಬರಲಿಲ್ಲ. ಹಿತ್ತಿಲ ಕಡೆಯಿಂದ ನೀರಿನ ಸದ್ದು. ಅವಳ ಕೈಯ ಲೋಟ ಅರ್ಧದಲ್ಲೇ ನಿಂತಿತು.

"ಅತ್ತೆ, ಹಿಂದೆ ಯಾರು?"

"ಇನ್ಯಾರು? ಆ ಟ್ರೆಗಿಯರ್ ಹುಡುಗ. ಚಳಿ ಬಿದ್ದಾಗಿನಿಂದ ದಿನಾ ಬಂದು ಐಸ್ ಹಾಕ್ತಾನೆ. ನೀನಿರೋದು ಗೊತ್ತಾಗಿದ್ರೆ ಬರ್ತಿರ್ಲಿಲ್ಲ. ಅದಕ್ಕೇ ನಾನು ಹೇಳ್ಲಿಲ್ಲ."

"ಅವನ್ಯಾಕೆ ಬರ್ಬೇಕು ಇಲ್ಲಿಗೆ!"

"ನಿಮ್ಮಪ್ಪ ಹೇಳಿದ್ದ ಕಣೇ, ಆಸ್ಪತ್ರೆಲಿ. ಈ ವರ್ಷ ನೀನೇ ಹಾಕು, ಹುಡುಗಿ ಬಂದಾಗ ಹಿತ್ತಿಲು ಖಾಲಿ ಇರ್ಬಾರದು ಅಂತ. ಆ ಬೆಳಿಗ್ಗೆ ಈ ಹುಡುಗ ನಿನಗೆ ಹೇಳ್ತೀನಿ ಅಂತ ಫೋನ್ ತೆಗೆದ. ಆರ್ವಿಡ್ ಅವನ ಕೈ ಹಿಡ್ಕೊಂಡುಬಿಟ್ಟ. ಇವತ್ತು ಗೋಲ್ ಕಾಯ್ತಾಳೆ, ಹೇಳ್ಬೇಡ, ಆಟ ಮುಗೀಲಿ, ಆಮೇಲೆ ಕರ್ಕೊಂಡು ಬಾ, ನಾನೆಲ್ಲಿಗೂ ಹೋಗಲ್ಲ ಅಂದ. ಡಾಕ್ಟರೂ ಇನ್ನೆರಡು ದಿನ ತೊಂದ್ರೆ ಇಲ್ಲ ಅಂದಿದ್ರಲ್ಲ..." ಅತ್ತೆ ತಟ್ಟನೆ ನಿಲ್ಲಿಸಿದಳು. "ಯಾಕೆ ಹಾಗೆ ನೋಡ್ತೀಯ? ಅವನು ನಿನಗೆ ಹೇಳಿಲ್ವಾ?"

"...ಇಲ್ಲ ಅತ್ತೆ."

"ಅಯ್ಯೋ ನನ್ನಪ್ಪಾ! ಗೊತ್ತಿದ್ದೂ ಮುನಿಸ್ಕೊಂಡಿದ್ದೀಯ, ಕಲ್ಲೆದೆ ಹುಡುಗಿ ಅಂತ ನಾನು ಎಷ್ಟು ಬೈಕೊಂಡಿದ್ದೆ..."

ಬ್ರಿಟಾ ಕೋಟನ್ನೂ ಹಾಕಿಕೊಳ್ಳದೆ ಹಿತ್ತಿಲ ಬಾಗಿಲು ತೆರೆದಳು.

ನೋಲನ್‌ನ ಬೆನ್ನು ಇವಳ ಕಡೆಗಿತ್ತು. ಪೈಪು ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದ. ನೀರಿನಿಂದ ಹಬೆ ಏಳುತ್ತಿತ್ತು. ಮೆಲ್ಲನೆ, ತನಗೆ ಅರ್ಥವಾಗದ ಭಾಷೆಯಲ್ಲಿ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಒಂದೊಂದೇ ಸಾಲು ಹೇಳುತ್ತ, ಸಾಲಿಗೊಂದು ಹೆಜ್ಜೆ...

ನೀರ ಮೇಲೆ ನಡೆದವನೇ, ನನ್ನ ಕಾಲ ಕೆಳಗೂ ನೆಲವಾಗಿರು.

ಬ್ರಿಟಾ ಮೆಟ್ಟಿಲ ಪಕ್ಕದ ಕಂಬಕ್ಕೆ ಒರಗಿದಳು. ಇಷ್ಟು ತಿಂಗಳು ಒಳಗೇ ಹೆಪ್ಪುಗಟ್ಟಿದ್ದದ್ದು ಒಮ್ಮೆಲೇ ಒಡೆಯಿತು. ಅಪ್ಪ ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲ.

ಪದ್ಯ ಮುಗಿದು ಅವನು ತಿರುಗಿದ. ಅವಳನ್ನು ಕಂಡು ಪೈಪು ಕೈಜಾರಿತು. ನಲ್ಲಿ ನಿಲ್ಲಿಸಿ, ಗೇಟಿನ ಕಡೆ ಕೈ ತೋರಿಸಿ, ಹೊರಡುತ್ತೇನೆ ಎಂಬಂತೆ ಸನ್ನೆ ಮಾಡಿದ. ತುಟಿಯ ಮೇಲೆ ಬೆರಳು.

"ಆ ಬೆರಳು ತೆಗಿ!" ಬ್ರಿಟಾ ಕೂಗಿದಳು. "ಅಪ್ಪ ಹೇಳ್ಬೇಡ ಅಂದಿದ್ರು ಅಂತ ಯಾಕೆ ಹೇಳ್ಲಿಲ್ಲ ನೀನು?"

ಅವನು ಒದ್ದೆ ಕೈಗವಸು ಕಳಚಿದ. ಆಮೇಲೆ ನಿಧಾನವಾಗಿ ಹೇಳಿದ.

"ಹೇಳಿದ್ರೆ ನಿನ್ನಪ್ಪನ ಮೇಲೆ ಸಿಟ್ಟಾಗ್ತಿದ್ದೆ. ಸತ್ತವರ ಮೇಲಿನ ಸಿಟ್ಟನ್ನ ಎಲ್ಲಿ ಇಳಿಸ್ತೀಯ, ಬ್ರಿಟಾ? ನಾನಾದ್ರೆ ಬದುಕಿದ್ದೀನಲ್ಲ... ಬೈಬಹುದು."

"ಹುಚ್ಚಪ್ಪ ನೀನು..."

"ತಾಳು. ನನ್ನನ್ನ ಅಷ್ಟು ಒಳ್ಳೆಯವನು ಮಾಡ್ಬೇಡ." ಅವನ ಕಣ್ಣು ತುಂಬಿತ್ತು. "ಒಂದು ಆಟದಲ್ಲಿ ನನ್ನ ಹೆಸರು ಕಿತ್ತು ಬಿಸಾಕಿದ್ರು. ನಿಂದು ಹಾಗಾಗ್ಬಾರದು ಅಂತ ನನಗೂ ಇತ್ತು. ನಿನ್ನಪ್ಪ ಕೈ ಹಿಡೀದೇ ಇದ್ದಿದ್ರೆ ಹೇಳ್ತಿದ್ನಾ? ದಿನಾ ಇಲ್ಲಿ ನೀರು ಹಾಯಿಸ್ತಾ ಅದನ್ನೇ ಕೇಳ್ಕೋತೀನಿ. ಗೊತ್ತಾಗಲ್ಲ. ಕೈ ಬೀಸಿದ್ನಲ್ಲ ಅವತ್ತು, ಆ ಕೈನ ಈಗ್ಲೂ ನೋಡ್ಕೋತೀನಿ."

ಬ್ರಿಟಾ ಮೆಟ್ಟಿಲಿಳಿದು ಬಂದು ಆ ಕೈಯನ್ನೇ ತೆಗೆದುಕೊಂಡಳು. ಮಂಜಿನಷ್ಟು ತಣ್ಣಗಿತ್ತು. ತನ್ನ ಕೆನ್ನೆಗೆ ಒತ್ತಿಕೊಂಡಳು.

"ಅಪ್ಪ ಈ ಕೈ ಹಿಡ್ಕೊಂಡಿದ್ರಾ?"

"ಹೂಂ. ಇದನ್ನೇ."

ಇಬ್ಬರೂ ಅತ್ತರು. ಅವರ ಪಕ್ಕದಲ್ಲಿ ಆರ್ವಿಡ್‌ನ ಹಿತ್ತಿಲ ನೀರು ಸದ್ದಿಲ್ಲದೆ ಗಟ್ಟಿಯಾಗುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಎಲ್ಮಾ ಅತ್ತೆಯ ಪರದೆ ಸರಿದು, ಮತ್ತೆ ಮುಚ್ಚಿಕೊಂಡಿತು.

"ಲಾಹ್ತಿ... ಇನ್ನೊಂದು ಮಾತಿದೆ," ಎಂದ ನೋಲನ್, ಮೂಗೊರೆಸಿಕೊಂಡು. "ಆ ಬಕೆಟ್ ಎಡವಿ ಬಿದ್ನಲ್ಲ, ಆ ಬೆಳಿಗ್ಗೆಯಿಂದ ಮನಸ್ಸಲ್ಲೇ ಇಟ್ಕೊಂಡಿರೋದು. ಆದ್ರೆ ಇವತ್ತು ನೀನು ಗೋಲ್ ಕಾಯ್ಬೇಕು. ಆಟ ಮುಗೀಲಿ, ಆಮೇಲೆ ಹೇಳ್ತೀನಿ. ಅಲ್ಲೀತನಕ ಸ್ವಲ್ಪ ತಡಿ."

ಬ್ರಿಟಾ ಅವನ ಕೈ ಬಿಡದೆ, ಒದ್ದೆ ಕಣ್ಣಲ್ಲೇ ತಲೆಯೆತ್ತಿ ಅವನನ್ನು ನೋಡಿದಳು.

"ತಡಿಯಲ್ಲ."