ಬಾಯಿಗೆ ಅಡ್ಡ ಹಿಡಿದ ಕೈ

ಅವನಿಗೆ ಕಳೆದುಕೊಳ್ಳಲು ಒಂದು ಮನೆಯಿರಲಿಲ್ಲ. ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಬಾಡಿಗೆ ಕೋಣೆ. ಕೆಳಗೆ ಸುತ್ತಿಗೆ ಏಟು ಬಿದ್ದರೆ ಮೇಲೆ ತಟ್ಟೆ ಲೋಟ ಅದುರುತ್ತಿದ್ದವು. ಕೆಲಸ ಮಾತ್ರ ಮನೆ ಕಳೆದುಕೊಂಡವರನ್ನು ಎಣಿಸುವುದು. ಕೆರೆ ಏರಿ ಒಡೆದು ಊರಿಗೆ ಊರೇ ಕೊಚ್ಚಿಹೋದ ಮೇಲೆ ಉಳಿದವರು ಪಟ್ಟಣದಂಚಿನ ಹಳೆಯ ಗೋದಾಮಿಗೆ ಬಂದು ಬಿದ್ದಿದ್ದರು. ವಾರಕ್ಕೊಮ್ಮೆ ಅವನು ಟ್ಯಾಬ್ ಹಿಡಿದು ಹೋಗಬೇಕು: ಯಾರಿದ್ದಾರೆ, ಯಾರು ಹೋದರು, ಎಲ್ಲಿಗೆ ಹೋದರು. ಶಿಬಿರದವರು ಅವನನ್ನು ‘ಎಣಿಸೋ ಅಣ್ಣ’ ಎನ್ನುತ್ತಿದ್ದರು.

ಈಗ ಅವರಿಗೆ ಸರ್ಕಾರದ ಮನೆಗಳು ಬಂದಿದ್ದವು. ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ನಲ್ಲಿ. ಗೋಡೆಗೆ ಸುಣ್ಣ ಬಳಿಯುವುದನ್ನು ಅವನು ನಿಂತು ನೋಡಿದ. ಹೊಟ್ಟೆ ಉರಿಯಿತು. ಮನೆ ಮುಳುಗಿದವನಿಗೆ ಮನೆ ಸಿಗುತ್ತದೆ. ಹುಟ್ಟಿದಾಗಿನಿಂದ ಮನೆಯೇ ಇಲ್ಲದವನನ್ನು ಎಣಿಸಲು ಟ್ಯಾಬಿನಲ್ಲಿ ಜಾಗವೇ ಇಲ್ಲ. ಹೆಂಡತಿ ಬಸುರಿ. ಹೆರಿಗೆಯೊಳಗೆ ಕೋಣೆ ಖಾಲಿ ಮಾಡಿ ಎಂದು ಮಾಲೀಕ ಹೇಳಿಯಾಗಿತ್ತು.

ದಾರಿ ಕೆಲಸದೊಳಗೇ ಇತ್ತು. ಕೆರೆಯ ಆಚೆ ದಡದಲ್ಲಿದ್ದ ಒಂಟಿ ಮನೆಯವರೆಲ್ಲ ನೀರುಪಾಲಾಗಿದ್ದರು. ಹನ್ನೆರಡನೆಯ ವಯಸ್ಸಿಗೇ ದೂರದೂರಿಗೆ ಮನೆಗೆಲಸಕ್ಕೆ ಹೋದ ಮಗಳೊಬ್ಬಳು ಮಾತ್ರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಅವಳ ಸುದ್ದಿ ಯಾರಿಗೂ ಇಲ್ಲ, ಮುಖ ಯಾರಿಗೂ ನೆನಪಿಲ್ಲ. ಮುಳುಗಿದ ಮನೆಯ ವಾರಸುದಾರರು ಬಂದರೆ ಅವರಿಗೂ ಒಂದು ಮನೆ ಎಂದು ನಿಯಮವಿತ್ತು. ಹೆಂಡತಿಯನ್ನು ಶಿಬಿರದಲ್ಲಿ ಯಾರೂ ನೋಡಿಲ್ಲ. ಆ ಮಗಳು ಇವಳಾದರೆ ಆಯಿತು.

ತೊಡಕು ಒಂದೇ. ಕಟ್ಟಿದ ಮನೆಗಳೆಲ್ಲ ಹಂಚಿಹೋಗಿದ್ದವು. ಯಾರಾದರೊಬ್ಬರ ಹೆಸರು ಬಿಡಬೇಕು.

ಕೊಡೆಯಜ್ಜಿ ಒಂಟಿ ಜೀವ. ಗೋದಾಮಿನಲ್ಲಿ ತಗಡು ಸೋರುವ ಮೂಲೆ ಅವಳ ಪಾಲಿಗೆ ಬಂದಿದ್ದರಿಂದ ಒಳಗೂ ಕೊಡೆ ಬಿಚ್ಚಿಕೊಂಡೇ ಕೂರುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವನನ್ನು ಚಪ್ಪಲಿ ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದಳು.

“ಬಾ ಮಗಾ, ಕೊಡೆ ಕೆಳಗೆ ಕೂತ್ಕೋ. ಇದೇ ನನ್ನ ಬಂಗ್ಲೆ,” ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಆ ಬಂಗಲೆಯಲ್ಲೇ ಕೂತು ಅವನು ಮುಳುಗಿದ ಊರನ್ನು ಅವಳ ಬಾಯಿಂದ ಒಂದೊಂದೇ ಕಲ್ಲಾಗಿ ಎತ್ತಿಕೊಂಡ. ಒಂಟಿ ಮನೆಯ ಬಾಗಿಲು ಯಾವ ದಿಕ್ಕಿಗೆ, ಅಂಗಳದ ಬೇವಿನ ಮರಕ್ಕೆ ಸಿಡಿಲು ಬಡಿದದ್ದು, ಊರಿಗೆಲ್ಲ ಇದ್ದದ್ದು ಒಂದೇ ಕೈಪಂಪು, ಅದರ ಹಿಡಿ ಮುರಿದಾಗ ಕಬ್ಬಿಣದ ಸಲಾಕೆ ಕಟ್ಟಿದ್ದು. ಕೇಳುವವರಿಲ್ಲದೆ ಒಣಗಿದ್ದ ಮುದುಕಿ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. “ನಮ್ಮೂರಂದ್ರೆ ನಿನಗೆ ಎಷ್ಟು ಅಕ್ಕರೆ!” ಎಂದಾಗ ಅವನು ತಲೆ ತಗ್ಗಿಸಿ ಟ್ಯಾಬ್ ಒರೆಸಿಕೊಂಡ.

ಸತತ ಮೂರು ಎಣಿಕೆಯಲ್ಲಿ ಕಾಣಿಸದವರು ‘ಸ್ಥಳ ಬಿಟ್ಟಿದ್ದಾರೆ’ ಎಂದು ದಾಖಲಾಗಿ ಮನೆಯ ಪಟ್ಟಿಯಿಂದ ಹೊರಬೀಳುತ್ತಿದ್ದರು. ಅವನೇ ಓಡಾಡಿ ಅವಳನ್ನು ಕಣ್ಣಿನ ಆಪರೇಷನ್‌ಗೆ ದೂರದ ಆಸ್ಪತ್ರೆಗೆ ಸೇರಿಸಿದ. ಒಂದು ಕಣ್ಣು, ಆಮೇಲೆ ಇನ್ನೊಂದು. ಅಷ್ಟರಲ್ಲಿ ಮೂರು ಎಣಿಕೆ ಮುಗಿಯುತ್ತದೆ. ವ್ಯಾನ್ ಹತ್ತಿಸುವಾಗ ಮುದುಕಿ ಅವನ ಕೆನ್ನೆ ಸವರಿ, “ಹೆತ್ತ ಮಗನೂ ಇಷ್ಟು ಮಾಡ್ತಿರ್ಲಿಲ್ಲ,” ಎಂದಳು. ಆ ಮಾತು ವಾರಗಟ್ಟಲೆ ಚುಚ್ಚಿತು. ಕೊನೆಗೆ ಅವನು ಒಂದು ಸಮಾಧಾನ ಹುಡುಕಿಕೊಂಡ: ಮನೆ ತೆಗೆದುಕೊಂಡು ಕಣ್ಣು ಕೊಟ್ಟಿದ್ದೇನೆ. ವ್ಯಾಪಾರ ಸರಿಹೋಯಿತು.

ಸಂಜೆಗಳಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಹೆಂಡತಿಗೆ ಪಾಠ ಮಾಡಿದ.

“ನೀರು ಎಲ್ಲಿಂದ ತರ್ತಿದ್ರಿ?”

“ಕೈಪಂಪಿಂದ. ಹಿಡಿ ಮುರಿದು ಸಲಾಕೆ ಕಟ್ಟಿದ್ರು. ಚಿಕ್ಕಂದಿನಿಂದ ಅದೇ ನೀರು ಕುಡಿದು ಬೆಳೆದವಳು ನಾನು.” ಅವಳು ಉಸಿರು ಬಿಟ್ಟಳು. “ರೀ, ನಿಮ್ಮನ್ನ ಕಟ್ಕೊಂಡ ಮೇಲೆ ನನ್ನ ಅಪ್ಪ ಅಮ್ಮನ್ನೂ ಮುಳುಗಿಸಿಬಿಟ್ರಲ್ಲ.”

“ತಮಾಷೆ ಸಾಕು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಕೋ. ಆ ಊರಿನವರೆಲ್ಲ ಹಾಗೇ. ಗಂಡಸರು, ಮಕ್ಕಳು ಕೂಡ.”

“ಯಾಕಂತೆ?”

“ಯಾಕೆ ಅಂತ ಕೇಳೋದು ನನ್ನ ಕೆಲಸ ಅಲ್ಲ. ಎಷ್ಟು ಜನ ಅಂತ ಕೇಳೋದು ನನ್ನ ಕೆಲಸ.”

ಅವಳು ಕೈ ಅಡ್ಡ ಹಿಡಿದು ನೋಡಿಕೊಂಡು ಕಿಸಕ್ಕನೆ ನಕ್ಕಳು. ಅವಳು ನಕ್ಕರೆ ಕೋಣೆಗೆ ಇನ್ನೊಂದು ಬಲ್ಬು ಹಾಕಿದಂತೆ ಎಂದು ಕೆಳಗಿನ ಅಂಗಡಿಯವನ ಹೆಂಡತಿ ಹೇಳುತ್ತಿದ್ದಳು. “ಅಲ್ಲಿ ಹೀಗೆಲ್ಲ ನಗಬೇಡ. ಮನೆಯವರನ್ನ ಕಳ್ಕೊಂಡವಳು ನೀನು,” ಎಂದ. ಅವಳ ನಗು ನಿಂತಿತು. “ಆ ಅಜ್ಜಿ ವಾಪಸ್ ಬಂದ್ರೆ ಎಲ್ಲಿರ್ತಾಳೆ?” ಎಂದು ಕೇಳಿದಳು. ಅವನು ದೀಪ ಆರಿಸಿದ.

ಪರಿಶೀಲನೆಗೆ ಬೇರೆ ಕಚೇರಿಯಿಂದ ಮೇಡಂ ಬಂದರು. ಗೋದಾಮಿನ ಹೊರಗೆ ಬಿಸಿಲಲ್ಲಿ ಮೇಜು, ಅದರ ಮುಂದೆ ಶಿಬಿರದವರ ಸಾಲು. ಅವನು ಪಕ್ಕದಲ್ಲೇ ಟ್ಯಾಬ್ ಹಿಡಿದು ಕೂತಿದ್ದ, ಹೆಂಡತಿಯ ಪರಿಚಯವೇ ಇಲ್ಲದವನಂತೆ. ಅವಳು ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು. ಬೇವಿನ ಮರದ ಮಾತಿಗೆ ಕಣ್ಣಲ್ಲಿ ನೀರು ಕೂಡ ತಂದಳು. ಕೈ ಬಾಯಿಯ ಮುಂದಿನಿಂದ ಕದಲಲಿಲ್ಲ.

ಆಗ ಮಡಿಸಿದ ಕೊಡೆಯೂರಿಕೊಂಡು, ಕಪ್ಪು ಕನ್ನಡಕ ಹಾಕಿದ ಮುದುಕಿ ಸಾಲು ದಾಟಿ ಬಂದಳು. ಕುಂಬಳಕಾಯಿ ಕಳ್ಳನಂತೆ ಅವನ ಕೈ ತಾನಾಗಿ ಹೆಗಲಿಗೆ ಹೋಯಿತು.

“ಮೇಡಂ, ಆಸ್ಪತ್ರೆಯಿಂದ ಬರೋದ್ರೊಳಗೆ ನನ್ನ ಮೂಲೇಲಿ ಬೇರೆಯವರು ಕೂತಿದಾರೆ. ನಾನು ಊರು ಬಿಟ್ಟಿದೀನಂತೆ! ಹೋಗೋಕೆ ನನಗೆ ಇನ್ನೊಂದೂರು ಎಲ್ಲಿದೆ?” ಎಂದವಳು ಮೇಜಿನ ಕೆಳಗೆ ಅವನ ಚಪ್ಪಲಿ ಸದ್ದು ಕೇಳಿ ತಿರುಗಿದಳು. “ಎಣಿಸೋ ಮಗಾ, ನೀನು ಹೀಗಿದೀಯಾ! ಇನ್ನೂ ಸ್ವಲ್ಪ ದಪ್ಪ ಅಂದ್ಕೊಂಡಿದ್ದೆ.” ಮೇಡಂ ಕಡೆ ನೋಡಿ, “ಇವನು ಕೊಡಿಸಿದ ಕಣ್ಣು ಇವು,” ಎಂದಳು.

“ತಪ್ಪಾಗಿರಬೇಕು. ಸರಿ ಮಾಡ್ತೀನಿ,” ಎಂದು ಅವನು ತೊದಲಿದ.

“ಕೂತ್ಕೊಳ್ಳಿ ಅಜ್ಜಿ,” ಎಂದರು ಮೇಡಂ. “ಈಕೆ ನಿಮ್ಮೂರವಳೇ. ಕೆರೆಯಾಚೆ ಒಂಟಿ ಮನೆ ಮಗಳಂತೆ.”

ಮುದುಕಿ ಕೊಡೆ ಕೈಬಿಟ್ಟು ಅವಳನ್ನು ತಬ್ಬಿಕೊಂಡಳು. “ಬದುಕಿದೀಯಾ ಮಗಳೇ! ಇಷ್ಟೇ ಇಷ್ಟಿದ್ದೆ ನೀನು. ನಿಮ್ಮಮ್ಮ ನಿನ್ನ ಹೆಸರು ಹೇಳ್ತಾನೇ ಹೋದ್ಲು.” ಹೆಂಡತಿ ನಿಜವಾಗಿಯೇ ಅತ್ತಳು. ಅವನ ಎದೆಯ ಮೇಲಿನ ಕಲ್ಲು ಇಳಿಯಿತು. ಯಾರಿಗೆ ಹೆದರಿದ್ದನೋ ಅವಳೇ ಸಾಕ್ಷಿ ಹೇಳಿದ್ದಳು. ನಾಚಿಕೆಯೆನಿಸಿತು, ಆ ನಾಚಿಕೆಯನ್ನು ಹೊಸ ಮನೆಗೆ ಹೋದ ಮೇಲೆ ಪಡೋಣ ಎಂದುಕೊಂಡ.

“ಫೋಟೋಗೆ ಕೈ ತೆಗೀಮ್ಮ. ಮನೆ ಸಿಕ್ಕಿದೆ, ಸ್ವಲ್ಪ ನಗು,” ಎಂದರು ಮೇಡಂ. ಅವಳು ಕೈ ತೆಗೆದು, ಅತ್ತ ಕಣ್ಣಲ್ಲೇ ಬಿಸಿಲಿಗೆ ಬಾಯ್ತುಂಬ ನಕ್ಕಳು. ಮುದುಕಿ ಕನ್ನಡಕ ಎತ್ತಿ ಹತ್ತಿರ ಬಂದಳು. “ಎಂಥ ಬಿಳೀ ಹಲ್ಲು ತಾಯಿ!” ಎಂದು ಕಪಟವಿಲ್ಲದೆ ಬೆರಗಾದಳು. “ಆ ಕೈಪಂಪಿನ ನೀರು ಕುಡಿದ ಒಬ್ಬರಿಗೂ ಇಂಥ ಹಲ್ಲು ಉಳೀಲಿಲ್ವಲ್ಲ. ಹಾಲುಹಲ್ಲು ಬಿದ್ದು ಹೊಸದು ಹುಟ್ಟೋದೇ ಹೀಗೆ ನೋಡು, ನಿನಗೆ ಹೇಗೆ ಉಳೀತು?” ಎನ್ನುತ್ತ ತನ್ನ ಬಾಯಿಯ ಮುಂದಿನ ಕೈ ತೆಗೆದಳು. ಗೋದಾಮಿನ ಮಬ್ಬಿನಲ್ಲಿ ಅವನು ಎಂದೂ ತಲೆಯೆತ್ತಿ ನೋಡದ ಹಲ್ಲುಗಳು ಬಿಸಿಲಿನಲ್ಲಿ ಕಂಡವು: ಕಂದು ಗೆರೆ, ಹಳದಿ ಮಚ್ಚೆ, ತುಕ್ಕು ಹಿಡಿದಂತೆ. ಮೇಡಂ ಸಾಲಿನತ್ತ ತಿರುಗಿದರು. ಸಾಲಿನುದ್ದಕ್ಕೂ ಬಾಯಿಗೆ ಅಡ್ಡ ಹಿಡಿದ ಕೈಗಳು. “ನಿನಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರಮ್ಮ?” ಎಂದು ಮೇಡಂ ಕೇಳಿದರು. ಹೆಂಡತಿಯ ಕೈ ಈ ಸಲ ತಾನಾಗಿಯೇ ಬಾಯಿಗೆ ಹೋಯಿತು. ಅವಳು ಅವನತ್ತ ನೋಡಲಿಲ್ಲ. ಅವನು ತಲೆ ತಗ್ಗಿಸಿ ಟ್ಯಾಬ್ ಒರೆಸಿದ. ಇವಳ ಹೆಸರು ಸೇರಿಸಿದ್ದು ಯಾರು ಎಂದು ನೋಡಲು ಮೇಡಂ ಅವನ ಟ್ಯಾಬಿಗೆ ಕೈ ಚಾಚಿದರು. ಕೊಡುತ್ತ ಅವನು ಅಭ್ಯಾಸಬಲದಿಂದ ಕಳೆದುಕೊಳ್ಳಲಿರುವುದನ್ನು ಎಣಿಸಿದ: ಕೆಲಸ ಒಂದು, ಬಾಡಿಗೆ ಕೋಣೆ ಒಂದು, ಹೆಂಡತಿ ಒಬ್ಬಳು. ಮನೆ ಸೊನ್ನೆ, ಅದು ಮೊದಲೂ ಇರಲಿಲ್ಲ.